ಅಸಲಿ ಮ್ಯಾಂಚೆಸ್ಟರ್ ನೋಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರಿಗೆ ಮ್ಯಾಂಚೆಸ್ಟರ್ ಎಂಬ ಹೆಸರು ಭೂಗೋಳದ ಪಾಠಕ್ಕಿಂತ ಮೊದಲೇ ಕಿವಿಗೆ ಬಿದ್ದಿರುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದಿತ್ತು. ಗಿರಣಿಗಳು ಮುಚ್ಚಿ, ಬೆಣ್ಣೆ ದೋಸೆಯ ಹೆಸರು ಮುಂದೆ ಬಂದಮೇಲೂ ಆ ಬಿರುದು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಹಾಗೇ ಕೂತಿದೆ. ಅಸಲಿ ಮ್ಯಾಂಚೆಸ್ಟರ್‌ನಲ್ಲಿ ಕೆಲವು ವರ್ಷ ಇದ್ದ ತಪ್ಪಿಗೆ, ಬಂದ ನೆಂಟರಿಗೆಲ್ಲ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಹೊರಡುವ ಮೊದಲು ಫೋನಿನಲ್ಲಿ ಕೇಳಿದ್ದು, ಬಂದಮೇಲೆ ಟ್ರಾಮಿನಲ್ಲಿ ಕೇಳಿದ್ದು, ವಾಪಸು ಹೋಗುವಾಗ ಏರ್‌ಪೋರ್ಟಿನಲ್ಲಿ ಕೇಳಿದ್ದು ಎಲ್ಲ ಇಲ್ಲಿದೆ.

“ಅಲ್ಲಿ ಏನೈತಪ್ಪಾ ನೋಡೋಕೆ? ಲಂಡನ್ ನೋಡಿದ್ರೆ ಸಾಲದಾ?”

ದೊಡ್ಡಪ್ಪನ ಪ್ರಶ್ನೆ. ಅರಮನೆ, ಕಿರೀಟ, ದೊಡ್ಡ ಗಡಿಯಾರ ನೋಡಬೇಕೆಂದರೆ ಲಂಡನ್ ಸಾಕು. ಮ್ಯಾಂಚೆಸ್ಟರ್‌ನಲ್ಲಿ ಅಂಥ ಚಂದದ ಪಟ್ಟಿ ಮಾಡಲು ಹೊರಟರೆ ನಿರಾಸೆಯಾಗುತ್ತದೆ. ಇದು ಕೆಂಪು ಇಟ್ಟಿಗೆಯ, ಕಾಲುವೆಗಳ, ಗೋದಾಮುಗಳ ಊರು. ಆದರೆ ಇಲ್ಲಿ ಎಲ್ಲಿ ನಿಂತರೂ ಹತ್ತಿಯ ಎಳೆಯೊಂದು ಕೈಗೆ ಸಿಗುತ್ತದೆ. ಕಾಲುವೆ ತೋಡಿದ್ದು ಕಲ್ಲಿದ್ದಲಿಗೆ, ಕಲ್ಲಿದ್ದಲು ಬೇಕಾದದ್ದು ಗಿರಣಿಗೆ, ರೈಲು ಹಾಕಿದ್ದು ಅರಳೆ ತರಲು, ಗ್ರಂಥಾಲಯ ಕಟ್ಟಿದ್ದು ಬಟ್ಟೆ ಮಾರಿದ ದುಡ್ಡಿನಲ್ಲಿ, ಜನ ಬೀದಿಗಿಳಿದದ್ದು ಕೂಲಿಗೆ, ಓಟಿಗೆ. 1853ರ ಹೊತ್ತಿಗೆ ಊರಿನೊಳಗೇ 108 ಹತ್ತಿ ಗಿರಣಿಗಳಿದ್ದವು. ಆ ಎಳೆ ಹಿಡಿದುಕೊಂಡು ತಿರುಗಿದರೆ ಎರಡು ದಿನ ಸಾಲುವುದಿಲ್ಲ. ಬಿಟ್ಟು ತಿರುಗಿದರೆ ಅರ್ಧ ದಿನಕ್ಕೇ ಬೇಜಾರು.

ಎಷ್ಟು ದಿನ ಇಟ್ಟುಕೊಳ್ಳಬೇಕು? ಯಾವ ತಿಂಗಳು ಒಳ್ಳೆಯದು?

ಊರಿಗೆ ಎರಡು ದಿನ, ಊರಾಚೆಯ ಗಿರಣಿಗೆ ಒಂದು ದಿನ. ಬೆಟ್ಟ ಹತ್ತುವ ಮನಸ್ಸಿದ್ದರೆ ಇನ್ನೊಂದು. ಮೇನಿಂದ ಸೆಪ್ಟೆಂಬರ್‌ವರೆಗೆ ಬನ್ನಿ. ಜೂನಿನಲ್ಲಿ ರಾತ್ರಿ ಒಂಬತ್ತೂವರೆ ದಾಟಿದರೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ನಮ್ಮ ಚಿಕ್ಕಮ್ಮ “ಬೆಳಗಾಯ್ತಾ, ರಾತ್ರಿ ಆಯ್ತಾ” ಎಂದು ಕೇಳಿದ್ದರು.

ಯಾವಾಗಲೂ ಮಳೆಯಂತೆ, ಹೌದೆ?

ಲೆಕ್ಕ ಕೇಳಿದರೆ ನಗು ಬರುತ್ತದೆ. ವರ್ಷಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಬೀಳುವ ಮಳೆ ಸುಮಾರು 850 ಮಿಲಿಮೀಟರ್. ಬೆಂಗಳೂರಿನಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆಗುಂಬೆಯವರ ಮುಂದಂತೂ ಈ ವಿಷಯ ಎತ್ತಲೇಬೇಡಿ. ವ್ಯತ್ಯಾಸವಿರುವುದು ಬೀಳುವ ರೀತಿಯಲ್ಲಿ. ನಮ್ಮಲ್ಲಿ ಸುರಿದು ಮುಗಿಸುತ್ತದೆ, ಇಲ್ಲಿ ಮುಗಿಸುವುದೇ ಇಲ್ಲ. ವರ್ಷದಲ್ಲಿ ನೂರೈವತ್ತರಷ್ಟು ದಿನ ಜಿನುಗುತ್ತಲೇ ಇರುತ್ತದೆ. ಕೊಡೆ ಗಾಳಿಗೆ ಉಲ್ಟಾ ಆಗುತ್ತದೆ, ತಲೆಗೆ ಟೊಪ್ಪಿಯಿರುವ ಜರ್ಕಿನ್ ತನ್ನಿ. ಈ ಊರಿನ ಹಣೆಬರಹ ಬರೆದವರಲ್ಲಿ ಈ ತೇವದ ಗಾಳಿಯೂ ಒಂದು. ಒಣ ಹವೆಯಲ್ಲಿ ನೂಲು ಪಟಪಟ ಹರಿಯುತ್ತದೆ, ತೇವದಲ್ಲಿ ಹರಿಯದೆ ಬರುತ್ತದೆ.

ಹೇಗೆ ತಲುಪುವುದು? ಊರೊಳಗೆ ಓಡಾಟ ಹೇಗೆ?

ಬೆಂಗಳೂರಿನಿಂದ ಹೊರಟವರು ಸಾಮಾನ್ಯವಾಗಿ ಗಲ್ಫ್ ನಗರಗಳಲ್ಲೊಂದರಲ್ಲಿ ವಿಮಾನ ಬದಲಿಸಿ ನೇರ ಮ್ಯಾಂಚೆಸ್ಟರ್‌ಗೇ ಇಳಿಯುತ್ತಾರೆ. ಲಂಡನ್ ಸುತ್ತಿ ಬರುವ ಅಗತ್ಯವಿಲ್ಲ. ಲಂಡನ್ನಿನಲ್ಲೇ ಇರುವವರಿಗೆ ಯೂಸ್ಟನ್ ನಿಲ್ದಾಣದಿಂದ ಮ್ಯಾಂಚೆಸ್ಟರ್‌ನ ಪಿಕಡಿಲಿ ನಿಲ್ದಾಣಕ್ಕೆ ಎರಡು ಗಂಟೆ ಚಿಲ್ಲರೆಯ ಪ್ರಯಾಣ. ರೈಲು ಟಿಕೆಟ್ ವಾರಗಳ ಮುಂಚೆ ತೆಗೆದರೆ ಒಂದು ದರ, ಅದೇ ದಿನ ತೆಗೆದರೆ ಕಣ್ಣು ಕತ್ತಲೆ ಬರುವ ದರ.

ಏರ್‌ಪೋರ್ಟಿನಿಂದ ಊರಿಗೆ ರೈಲಿನಲ್ಲಿ ಇಪ್ಪತ್ತು ನಿಮಿಷ ಸಾಕು. ಟ್ರಾಮೂ ಇದೆ, ಆದರೆ ಒಂದು ಗಂಟೆ ಹಿಡಿಯುತ್ತದೆ. ಊರೊಳಗೆ ಹಳದಿ ಟ್ರಾಮುಗಳು, ಹಳದಿ ಬಸ್ಸುಗಳು. ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತೋರಿಸಿ ಟ್ರಾಮ್ ಹತ್ತಬಹುದು, ಇಳಿದಮೇಲೆ ಮತ್ತೆ ತೋರಿಸಬೇಕು. ಎರಡನೆಯದನ್ನು ಮರೆತರೆ ಹೆಚ್ಚು ಹಣ ಹೋಗುತ್ತದೆ, ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ. ಬಸ್ಸಿನಲ್ಲಿ ಒಂದು ಟಿಕೆಟ್ ತೆಗೆದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದು. ಊರಿನ ನಡುಭಾಗದಲ್ಲಿ ಪುಕ್ಕಟೆ ಬಸ್ಸೂ ಸುತ್ತುತ್ತದೆ. ಕಾಲು ಗಟ್ಟಿಯಿದ್ದವರಿಗೆ ಇವ್ಯಾವುದೂ ಬೇಡ, ಊರಿನ ನಡುಭಾಗ ಚಿಕ್ಕದು.

ಮೊದಲ ದಿನ ಎಲ್ಲಿಂದ ಶುರು ಮಾಡಬೇಕು?

ಕ್ಯಾಸಲ್‌ಫೀಲ್ಡ್‌ನಿಂದ. ಕಾಲುವೆಗಳು ಬಂದು ಕೂಡುವ ತಗ್ಗು ಜಾಗ, ನೆತ್ತಿಯ ಮೇಲೆ ಒಂದರ ಪಕ್ಕ ಒಂದು ರೈಲು ಸೇತುವೆಗಳು. ಇಲ್ಲಿ ಕ್ರಿ.ಶ. 79ರ ಹೊತ್ತಿಗೆ ರೋಮನ್ನರು ಕೋಟೆ ಕಟ್ಟಿದ್ದರು. ಈಗ ಕಾಣುವ ಬಾಗಿಲು ಹೊಸದಾಗಿ ಕಟ್ಟಿದ್ದು, ಒಂದು ಫೋಟೋ ತೆಗೆದು ಮುಂದೆ ನಡೆಯಿರಿ. ನೋಡಬೇಕಾದದ್ದು ನೀರು. ಬ್ರಿಜ್‌ವಾಟರ್‌ನ ಡ್ಯೂಕ್ ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಊರಿಗೆ ತರಲು ಜೇಮ್ಸ್ ಬ್ರಿಂಡ್ಲಿ ಎಂಬ ಇಂಜಿನಿಯರನ ಕೈಲಿ ಕಾಲುವೆ ಮಾಡಿಸಿದ. 1761ರಲ್ಲಿ ಅದು ಶುರುವಾದಮೇಲೆ ಊರಿನಲ್ಲಿ ಕಲ್ಲಿದ್ದಲ ಬೆಲೆ ಅರ್ಧಕ್ಕೆ ಇಳಿಯಿತು. ಗಿರಣಿ ಯುಗದ ಉರುವಲು ಬಂದದ್ದು ಹೀಗೆ. ಕುದುರೆಯೊಂದು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಕೆಲವು ಸೇತುವೆಗಳ ಮೂಲೆಯಲ್ಲಿ ಆ ಹಗ್ಗ ಉಜ್ಜಿ ಬಿದ್ದ ಗೀರುಗಳನ್ನು ಈಗಲೂ ಬೆರಳಿಟ್ಟು ನೋಡಬಹುದು. ನಮ್ಮೂರ ಹಳೆ ಬಾವಿಕಟ್ಟೆಯ ಕಲ್ಲಿನ ಮೇಲಿರುತ್ತವಲ್ಲ, ಅಂಥವೇ.

ಅಲ್ಲಿಂದ ಐದು ನಿಮಿಷ ನಡೆದರೆ ಲಿವರ್‌ಪೂಲ್ ರೋಡಿನಲ್ಲಿ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ. ಪ್ರವೇಶ ಉಚಿತ. ಈ ಆವರಣದಲ್ಲೇ ಇದೆ 1830ರ ರೈಲು ನಿಲ್ದಾಣ, ಪ್ರಯಾಣಿಕರ ನಿಲ್ದಾಣಗಳ ಪೈಕಿ ಇಂದಿಗೂ ಉಳಿದಿರುವ ಜಗತ್ತಿನ ಅತ್ಯಂತ ಹಳೆಯದು. ಮೊದಲ ದರ್ಜೆಯವರಿಗೂ ಎರಡನೇ ದರ್ಜೆಯವರಿಗೂ ಬೇರೆ ಬೇರೆ ಟಿಕೆಟ್ ಕೋಣೆಗಳು. ರೈಲು ಹುಟ್ಟಿದ ದಿನವೇ ಪಂಕ್ತಿಭೇದವೂ ಹುಟ್ಟಿದೆ. ಹಳೆಯ ಕಟ್ಟಡಗಳಲ್ಲಿ ಒಂದಲ್ಲ ಒಂದು ದುರಸ್ತಿಯಲ್ಲಿರುತ್ತದೆ, ಯಾವುದು ತೆರೆದಿದೆ ಎಂದು ಮೊದಲೇ ನೋಡಿಕೊಳ್ಳಿ. ಜವಳಿ ವಿಭಾಗವನ್ನು ಮಾತ್ರ ಬಿಡಬೇಡಿ. ಅರಳೆ ಬಿಡಿಸುವುದರಿಂದ ಹಿಡಿದು ಬಟ್ಟೆಯಾಗುವವರೆಗಿನ ಯಂತ್ರಗಳು ಸಾಲಾಗಿವೆ, ಕೆಲವನ್ನು ಓಡಿಸಿಯೂ ತೋರಿಸುತ್ತಾರೆ. ಯಾವ ಹೊತ್ತಿಗೆ ಎಂದು ಬಾಗಿಲಲ್ಲೇ ಕೇಳಿಕೊಳ್ಳಿ.

ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ನಮಸ್ಕಾರ ಹಾಕಬೇಕಾದ ಯಂತ್ರದ ಪ್ರತಿಕೃತಿಯೂ ಇದೇ ಮ್ಯೂಸಿಯಂನಲ್ಲಿದೆ. ‘ಬೇಬಿ’ ಎಂದು ಅದರ ಅಡ್ಡಹೆಸರು. ತನ್ನ ನೆನಪಿನಲ್ಲೇ ಪ್ರೋಗ್ರಾಂ ಇಟ್ಟುಕೊಂಡು ಓಡಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದು, 1948ರ ಜೂನ್ 21ರಂದು. ಹದಿನೇಳು ಆದೇಶಗಳ ಪ್ರೋಗ್ರಾಂ ಉತ್ತರ ಕೊಡಲು 52 ನಿಮಿಷ ತೆಗೆದುಕೊಂಡಿತು. ಅದೇ ವರ್ಷ ಇಲ್ಲಿನ ವಿಶ್ವವಿದ್ಯಾಲಯ ಸೇರಿದ ಗಣಿತಜ್ಞ ಅಲನ್ ಟ್ಯೂರಿಂಗ್ ಈಗ ಸ್ಯಾಕ್‌ವಿಲ್ ಗಾರ್ಡನ್ಸ್ ಎಂಬ ಪುಟ್ಟ ಪಾರ್ಕಿನ ಬೆಂಚಿನ ಮೇಲೆ ಸೇಬು ಹಿಡಿದು ಕಂಚಾಗಿ ಕೂತಿದ್ದಾನೆ. ಪಕ್ಕದಲ್ಲಿ ಜಾಗವಿದೆ, ಕೂರಬಹುದು.

ಗಿರಣಿ ನಿಜವಾಗಿ ಓಡುವುದನ್ನು ನೋಡಬೇಕಲ್ಲ?

ಊರೊಳಗಿನ ಗಿರಣಿಗಳು ಫ್ಲಾಟುಗಳಾಗಿವೆ. ಆಂಕೋಟ್ಸ್ ಬಡಾವಣೆಗೆ ಹೋಗಿ ರಾಚ್‌ಡೇಲ್ ಕಾಲುವೆಯ ಪಕ್ಕ ನಿಂತರೆ ಮರ‍್ರೆ ಮಿಲ್ಸ್, ರಾಯಲ್ ಮಿಲ್ ಎಲ್ಲ ಗೋಡೆ ಕಟ್ಟಿದಂತೆ ಸಾಲಾಗಿ ಕಾಣುತ್ತವೆ. ಮರ‍್ರೆ ಗಿರಣಿ ಶುರುವಾದದ್ದು 1798ರಲ್ಲಿ. ಕಿಟಕಿಗಳ ಸಾಲು ನೋಡಿದರೇ ಒಳಗೆ ಎಷ್ಟು ಜನ ನಿಂತು ದುಡಿದಿರಬೇಕೆಂಬುದು ತಿಳಿಯುತ್ತದೆ. ಈಗ ಆ ಕಿಟಕಿಗಳಲ್ಲಿ ಹೂಕುಂಡಗಳಿವೆ, ಕೆಳಗೆ ದುಬಾರಿ ಕಾಫಿ ಅಂಗಡಿಗಳು.

ಓಡುವ ಯಂತ್ರ ಬೇಕೆಂದರೆ ಸ್ಟೈಲ್ ಎಂಬ ಹಳ್ಳಿಯ ಕ್ವಾರಿ ಬ್ಯಾಂಕ್ ಗಿರಣಿಗೆ ಹೋಗಿ. ಏರ್‌ಪೋರ್ಟಿನ ಮಗ್ಗುಲಲ್ಲೇ ಇದೆ. ಕಾಡಿನ ನಡುವೆ ಬಾಲಿನ್ ನದಿ, ನೆತ್ತಿಯ ಮೇಲೆ ವಿಮಾನ. ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಕಟ್ಟಿಸಿದ್ದು, ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಟಿಕೆಟ್ ಇದೆ, ಕಡಿಮೆಯೇನಲ್ಲ, ಆದರೂ ನನ್ನ ಮಟ್ಟಿಗೆ ಈ ಪ್ರವಾಸದಲ್ಲಿ ಹಣ ಕೊಟ್ಟು ನೋಡಬೇಕಾದದ್ದು ಇದೊಂದೇ. ನೆಲಮಾಳಿಗೆಯಲ್ಲಿ ಭಾರೀ ನೀರಿನ ಚಕ್ರ. ಮೇಲಿನ ಮಹಡಿಯಲ್ಲಿ ಮಗ್ಗಗಳು. ಒಂದೆರಡು ಮಗ್ಗ ಚಾಲೂ ಮಾಡಿದರೇ ಪಕ್ಕದವರ ಮಾತು ಕೇಳಿಸದು. ಇಡೀ ಕೋಣೆ ತುಂಬ ಮಗ್ಗಗಳಿದ್ದಾಗ ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್ ಸೀಮೆಯ ನೇಕಾರ ಹೆಂಗಸರು ತುಟಿಗಳನ್ನು ದೊಡ್ಡದಾಗಿ ಆಡಿಸುತ್ತ, ಕೈಸನ್ನೆ ಸೇರಿಸಿ, ಶಬ್ದವಿಲ್ಲದೆ ಊರ ಸುದ್ದಿಯೆಲ್ಲ ಮಾತಾಡಿಕೊಳ್ಳುತ್ತಿದ್ದರು. ಲಾಳಿಗೆ ಹೊಸ ನೂಲು ಏರಿಸಬೇಕಾದರೆ ಅದರ ಕಣ್ಣಿಗೆ ಬಾಯಿಟ್ಟು ಉಸಿರೆಳೆದು ಎಳೆಯನ್ನು ಹೊರತರುತ್ತಿದ್ದರು. ಒಂದೇ ಲಾಳಿ ಹತ್ತು ಬಾಯಿಗೆ. ರೋಗವೂ ಹಾಗೆಯೇ ಹರಡುತ್ತಿತ್ತು.

ಗಿರಣಿಯಿಂದ ಸ್ವಲ್ಪ ಏರಿ ಹೋದರೆ ಬಿಳಿ ಸುಣ್ಣ ಬಳಿದ ಮನೆ. ಅನಾಥ, ಬಡ ಮಕ್ಕಳನ್ನು ಕರೆತಂದು ಇಟ್ಟಿದ್ದ ಜಾಗ. ಅನ್ನ, ಬಟ್ಟೆ, ಹಾಸಿಗೆ ಕೊಟ್ಟು ದಿನಕ್ಕೆ ಹನ್ನೆರಡು ಗಂಟೆ ದುಡಿಸುತ್ತಿದ್ದರು. ಚಿಕ್ಕವರ ಕೆಲಸ, ಓಡುತ್ತಿರುವ ಯಂತ್ರದಡಿ ನುಸುಳಿ ಉದುರಿದ ಅರಳೆ ಗುಡಿಸುವುದು. ಗ್ರೆಗ್ ಆ ಕಾಲಕ್ಕೆ ಒಳ್ಳೆಯ ಧಣಿ ಎನ್ನಿಸಿಕೊಂಡಿದ್ದ. ಅದೇ ಗ್ರೆಗ್ ಕುಟುಂಬಕ್ಕೆ ಕೆರಿಬಿಯನ್ನಿನ ಡೊಮಿನಿಕಾದಲ್ಲಿ ಗುಲಾಮರು ದುಡಿಯುವ ತೋಟವಿತ್ತು. ಎರಡನ್ನೂ ಅಲ್ಲಿ ಬರೆದು ಹಾಕಿದ್ದಾರೆ, ಮುಚ್ಚಿಟ್ಟಿಲ್ಲ.

ನಮ್ಮ ಕಡೆಯ ಹತ್ತಿಗೂ ಈ ಊರಿಗೂ ನಂಟಿದೆಯೇ?

ಹುಬ್ಬಳ್ಳಿ, ಗದಗ, ಧಾರವಾಡದ ಕಡೆಯವರು ಈ ಪ್ರಶ್ನೆ ಕೇಳಿದಾಗ ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಇಲ್ಲಿನ ಗಿರಣಿಗಳು ನಂಬಿಕೊಂಡಿದ್ದದ್ದು ಅಮೆರಿಕದ ದಕ್ಷಿಣ ಸೀಮೆಯಲ್ಲಿ ಗುಲಾಮರು ಬೆಳೆದ ಉದ್ದ ಎಳೆಯ ಹತ್ತಿಯನ್ನು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು, ಲಿಂಕನ್ನನ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಾಶೈರಿನ ಗಿರಣಿಗಳು ಒಂದೊಂದಾಗಿ ನಿಂತವು. ‘ಹತ್ತಿ ಕ್ಷಾಮ’ ಎಂದೇ ಆ ವರ್ಷಗಳಿಗೆ ಹೆಸರು. ಆಗ ಎಲ್ಲರ ಕಣ್ಣು ಬಿದ್ದದ್ದು ನಮ್ಮ ಕಪ್ಪು ನೆಲದ ಮೇಲೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ತಳಿಯನ್ನು ಬೆಳೆಸುತ್ತಿದ್ದರು, ‘ಧಾರವಾಡ ಅಮೆರಿಕನ್’ ಎಂದು ಮಾರುಕಟ್ಟೆಯಲ್ಲಿ ಅದರ ಹೆಸರು. ಬೆಲೆ ಗಗನಕ್ಕೇರಿತು. ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬಂದರು ಬೆಳೆಯಬೇಕೆಂದು ಮ್ಯಾಂಚೆಸ್ಟರ್‌ನ ವ್ಯಾಪಾರಿಗಳು ಸರ್ಕಾರದ ಬೆನ್ನು ಬಿದ್ದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಒತ್ತಾಯವೂ ಇತ್ತು. ಯುದ್ಧ ಮುಗಿದದ್ದೇ ಅಮೆರಿಕದ ಹತ್ತಿ ಮರಳಿತು, ಬೆಲೆ ಕುಸಿಯಿತು. ಏರಿದ್ದ ಬೆಲೆ ನಂಬಿ ಸಾಲ ಮಾಡಿದ್ದ ನಮ್ಮ ರೈತನ ಕಥೆ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಎರಡು ಜಾಗ ನೋಡಿ. ಒಂದು, ಬ್ರೇಜನೋಸ್ ಬೀದಿಯ ಪಕ್ಕದ ಲಿಂಕನ್ ಚೌಕ. ಕೆಲಸ ಹೋದರೂ ಸರಿ, ಗುಲಾಮಗಿರಿಯ ವಿರುದ್ಧ ನಿಲ್ಲುತ್ತೇವೆ ಎಂದು ಮ್ಯಾಂಚೆಸ್ಟರ್‌ನ ದುಡಿಯುವ ಜನ 1862ರ ಕೊನೆಯ ದಿನ ಸಭೆ ಸೇರಿ ಲಿಂಕನ್ನನಿಗೆ ಪತ್ರ ಬರೆದರು. ಮರುತಿಂಗಳೇ ಅವನು ಉತ್ತರ ಬರೆದ. ಅದರ ಸಾಲುಗಳನ್ನು ಪ್ರತಿಮೆಯ ಪೀಠದಲ್ಲಿ ಕೆತ್ತಿದ್ದಾರೆ. ಈ ಪ್ರತಿಮೆ ಲಂಡನ್ನಿಗೆ ಹೋಗಬೇಕಿತ್ತು. ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಹೊಟ್ಟೆನೋವಿನವನಂತೆ ನಿಂತಿದ್ದಾನೆ, ಗಾಂಭೀರ್ಯವಿಲ್ಲ ಎಂದು ಗಲಾಟೆಯಾಗಿ ಲಂಡನ್ನಿಗೆ ಬೇರೆ ಲಿಂಕನ್ ಹೋದ, ಇವನು ಇಲ್ಲಿಗೆ ಬಂದ. ಎಲ್ಲ ಗಿರಣಿ ಊರುಗಳೂ ಲಿಂಕನ್ನನ ಪರ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಹಸಿವು ಹೆಚ್ಚಿದ ಕಡೆ ಬೈದವರೂ ಇದ್ದರು.

ಇನ್ನೊಂದು ರಾಯಲ್ ಎಕ್ಸ್‌ಚೇಂಜ್. ಹತ್ತಿ, ನೂಲು, ಬಟ್ಟೆಯ ವ್ಯಾಪಾರ ನಡೆಯುತ್ತಿದ್ದ ಬೃಹತ್ ಸಭಾಂಗಣ. 1968ರಲ್ಲಿ ವ್ಯಾಪಾರ ನಿಂತಿತು. ಈಗ ಅದರ ನಡುವೆ ಚಂದ್ರನಿಗೆ ಹೋಗುವ ನೌಕೆಯಂತೆ ಉಕ್ಕು, ಗಾಜಿನ ನಾಟಕಮಂದಿರ ಇಳಿಸಿದ್ದಾರೆ. ಒಳಗೆ ಬಿಟ್ಟರೆ ತಲೆಯೆತ್ತಿ ನೋಡಿ: ಕೊನೆಯ ದಿನದ ದರಗಳು ಹಲಗೆಯ ಮೇಲೆ ಹಾಗೇ ಇವೆ. ಎಪಿಎಂಸಿಯಲ್ಲಿ ದರಪಟ್ಟಿ ನೋಡುತ್ತ ನಿಲ್ಲುವುದು ಗೊತ್ತಿದ್ದ ನಮ್ಮ ಮಾವ ಅಲ್ಲಿಂದ ಕದಲಲೇ ಇಲ್ಲ.

ಗಾಂಧೀಜಿ ಇಲ್ಲಿಗೆ ಬಂದಿದ್ದರಂತೆ?

1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಬಂದವರು ಲ್ಯಾಂಕಾಶೈರಿಗೂ ಬಂದರು. ವಿದೇಶಿ ಬಟ್ಟೆ ಬಹಿಷ್ಕಾರದಿಂದ ಕೆಲಸಕ್ಕೆ ಪೆಟ್ಟು ಬಿದ್ದ ಊರುಗಳಿಗೇ, ಆ ಬಹಿಷ್ಕಾರಕ್ಕೆ ಕರೆ ಕೊಟ್ಟ ಮನುಷ್ಯ. ಬೈಗುಳ ಬೀಳಬಹುದೆಂದು ಹಲವರು ಹೆದರಿದ್ದರು. ಡಾರ್ವೆನ್ ಎಂಬ ಊರಿನ ಗಿರಣಿ ಹೆಂಗಸರು ಅವರನ್ನು ಸುತ್ತುವರಿದು ಕೈಯೆತ್ತಿ ಹುರ್ರೇ ಎನ್ನುವ ಫೋಟೋ ಪ್ರಸಿದ್ಧ. ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಬಡತನ ನೋಡಬೇಕೆಂದರೆ ಭಾರತಕ್ಕೆ ಬನ್ನಿ ಎಂಬುದು ಅವರ ಮಾತಿನ ಧಾಟಿ. ವಿಕ್ಟೋರಿಯಾ ನಿಲ್ದಾಣದಿಂದ ಬ್ಲ್ಯಾಕ್‌ಬರ್ನ್ ರೈಲು ಹತ್ತಿದರೆ ಡಾರ್ವೆನ್ ಸಿಗುತ್ತದೆ. ಅಷ್ಟು ದೂರ ಹೋಗಲಾಗದವರು ಕೆಥೀಡ್ರಲ್ ಪಕ್ಕದ ಗಾಂಧಿ ಪ್ರತಿಮೆ ನೋಡಬಹುದು. ರಾಮ್ ಸುತಾರ್ ಅವರ ಕೆಲಸ, 2019ರಲ್ಲಿ ನಿಲ್ಲಿಸಿದ್ದು.

ಹಳೆಯ ಗ್ರಂಥಾಲಯಗಳ ಬಗ್ಗೆ ಕೇಳಿದ್ದೇವೆ.

ಎರಡಿವೆ. ಡೀನ್ಸ್‌ಗೇಟ್‌ನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯ ಒಳಹೊಕ್ಕರೆ ಚರ್ಚು ಎನ್ನಿಸುತ್ತದೆ: ಕಮಾನು, ಬಣ್ಣದ ಗಾಜು, ಮಬ್ಬು ಬೆಳಕು. ಹತ್ತಿ ವ್ಯಾಪಾರದಲ್ಲಿ ಕೋಟ್ಯಧೀಶನಾದ ಗಂಡನ ನೆನಪಿಗೆ ಎನ್ರಿಕೆಟಾ ರೈಲ್ಯಾಂಡ್ಸ್ ಕಟ್ಟಿಸಿ, 1900ರ ಹೊಸವರ್ಷದ ದಿನ ಜನರಿಗೆ ತೆರೆದರು. ಯೋಹಾನನ ಸುವಾರ್ತೆಯ ಅಂಗೈಯೊಳಗೆ ಹಿಡಿಯುವಷ್ಟು ಪುಟ್ಟ ಪಪೈರಸ್ ಚೂರು ಇಲ್ಲಿಯ ದೊಡ್ಡ ಆಸ್ತಿ. ಉಚಿತ.

ಇನ್ನೊಂದು ಚೆಟಮ್ಸ್, 1653ರಿಂದ ನಡೆಯುತ್ತಿದೆ. ಇದಕ್ಕೆ ಟಿಕೆಟ್ ತೆಗೆದು ಗೈಡ್ ಜೊತೆ ಹೋಗಬೇಕು. 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಎದುರುಬದುರು ಕೂತು ಓದಿದ ಕಿಟಕಿಯ ಗೂಡು ಹಾಗೇ ಇದೆ. ಎಂಗೆಲ್ಸ್ ಇಲ್ಲಿಗೆ ಬಂದದ್ದು ಕ್ರಾಂತಿ ಮಾಡಲಲ್ಲ, ಅಪ್ಪನ ಪಾಲಿದ್ದ ಹತ್ತಿ ಕಂಪನಿಯ ಕೆಲಸ ಕಲಿಯಲು. ಅವನ ಪ್ರತಿಮೆಯೊಂದನ್ನು 2017ರಲ್ಲಿ ಉಕ್ರೇನಿನ ಹಳ್ಳಿಯಿಂದ ಲಾರಿಯಲ್ಲಿ ಹೇರಿಕೊಂಡು ಬಂದು ಹೋಮ್ ಎಂಬ ಕಲಾಕೇಂದ್ರದ ಮುಂದೆ ನಿಲ್ಲಿಸಿದ್ದಾರೆ. ಸುತ್ತ ಬಿಯರ್ ಅಂಗಡಿಗಳು.

ಪೀಟರ್‌ಲೂ ಎಂದರೇನು? ಎಲ್ಲೆಲ್ಲೂ ಆ ಹೆಸರು ಕಾಣುತ್ತದೆ.

1819ರ ಆಗಸ್ಟ್ 16ರಂದು ಓಟಿನ ಹಕ್ಕು ಕೇಳಲು ಸೇಂಟ್ ಪೀಟರ್ಸ್ ಮೈದಾನದಲ್ಲಿ ಅರವತ್ತು ಸಾವಿರದಷ್ಟು ಜನ ಸೇರಿದ್ದರು, ಹಬ್ಬದ ಬಟ್ಟೆ ತೊಟ್ಟು, ಮಕ್ಕಳ ಸಮೇತ. ಕುದುರೆ ಪಡೆ ಕತ್ತಿ ಹಿರಿದು ಒಳನುಗ್ಗಿತು. ಸತ್ತವರು 18 ಎಂಬುದು ಈಗ ಸಾಮಾನ್ಯವಾಗಿ ಹೇಳುವ ಲೆಕ್ಕ, ಗಾಯಗೊಂಡವರು ನೂರಾರು. ನಾಲ್ಕು ವರ್ಷ ಹಿಂದಿನ ವಾಟರ್‌ಲೂ ಯುದ್ಧದ ಹೆಸರು ತಿರುಚಿ, ನಿಮ್ಮ ಶೌರ್ಯ ಇದೇನಾ ಎಂದು ಪತ್ರಿಕೆಯೊಂದು ‘ಪೀಟರ್‌ಲೂ’ ಎಂದು ಅಣಕಿಸಿತು. ಸರಿಯಾಗಿ ನೂರು ವರ್ಷಕ್ಕೆ ಜಲಿಯನ್‌ವಾಲಾಬಾಗ್. ಪೀಟರ್‌ಲೂ ನೆನಪಿನ ಮೆಟ್ಟಿಲುಗಳ ಸ್ಮಾರಕ ಕಟ್ಟಲು 2019ರವರೆಗೆ ಕಾಯಬೇಕಾಯಿತು. ಹತ್ತಿ ನಿಲ್ಲಬಹುದಾದ ಸ್ಮಾರಕ. ಆದರೆ ಗಾಲಿಕುರ್ಚಿಯವರು ಹತ್ತುವಂತಿಲ್ಲ ಎಂಬ ತಕರಾರು ಅಂದೇ ಎದ್ದಿತು, ನ್ಯಾಯವಾದ ತಕರಾರು. ಪೂರ್ತಿ ಕಥೆ ತಿಳಿಯಲು ಇರ್ವೆಲ್ ನದಿಯ ದಂಡೆಯ ಪೀಪಲ್ಸ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ. ಕಾರ್ಮಿಕ ಸಂಘಗಳ ರೇಷ್ಮೆ ಬ್ಯಾನರುಗಳನ್ನು ನೋಡುತ್ತ ಒಂದು ತಾಸು ಹೋದದ್ದೇ ತಿಳಿಯದು.

ಓಲ್ಡ್ ಟ್ರಾಫರ್ಡ್‌ಗೆ ಹೋಗಬೇಕು. ಯಾವ ಟ್ರಾಮ್?

ಯಾವ ಓಲ್ಡ್ ಟ್ರಾಫರ್ಡ್? ಎರಡಿವೆ, ಸುಮಾರು ಒಂದು ಕಿಲೋಮೀಟರ್ ಅಂತರದಲ್ಲಿ. ಫುಟ್‌ಬಾಲಿನದಕ್ಕೆ ವಾರ್ಫ್‌ಸೈಡ್ ನಿಲ್ದಾಣ, ಕ್ರಿಕೆಟ್‌ನದಕ್ಕೆ ಓಲ್ಡ್ ಟ್ರಾಫರ್ಡ್ ನಿಲ್ದಾಣ. ತಪ್ಪಿ ಇಳಿದ ಹುಡುಗರನ್ನು ನಾನು ನಡೆಸಿಕೊಂಡು ಹೋಗಿದ್ದೇನೆ.

ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯದ ಟಿಕೆಟ್ ಕೈಗೆ ಸಿಗುವುದು ಸುಲಭವಲ್ಲ. ಕ್ರೀಡಾಂಗಣದ ಟೂರ್ ಸಿಗುತ್ತದೆ. ಹೊರಗೋಡೆಯ ಮೇಲೆ 1958ರ ಮ್ಯೂನಿಕ್ ವಿಮಾನ ದುರಂತದ ಗಡಿಯಾರ ನೋಡಿ. ಯುನೈಟೆಡ್‌ನ ಎಂಟು ಆಟಗಾರರು ಸೇರಿ 23 ಜನ ತೀರಿಕೊಂಡರು. ನೀಲಿ ಅಂಗಿಯ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳು ಎತಿಹಾದ್ ಕ್ರೀಡಾಂಗಣಕ್ಕೆ ಹೋಗಿ, ಅದು ಊರಿನ ಇನ್ನೊಂದು ದಿಕ್ಕು.

ನನ್ನ ಓಟು ಕ್ರಿಕೆಟ್ ಮೈದಾನಕ್ಕೆ. 1956ರಲ್ಲಿ ಆಸ್ಟ್ರೇಲಿಯಾದ ವಿರುದ್ಧ ಜಿಮ್ ಲೇಕರ್ ಒಂದೇ ಟೆಸ್ಟಿನಲ್ಲಿ 19 ವಿಕೆಟ್ ತೆಗೆದದ್ದು, ಎರಡನೇ ಇನಿಂಗ್ಸ್‌ನಲ್ಲಿ ಹತ್ತಕ್ಕೆ ಹತ್ತನ್ನೂ ಕಿತ್ತದ್ದು ಇಲ್ಲಿ. 1990ರ ಆಗಸ್ಟಿನಲ್ಲಿ ಅದೇ ಮೈದಾನದಲ್ಲಿ ಹತ್ತೊಂಬತ್ತರ ಹುಡುಗನೊಬ್ಬ, ದಪ್ಪ ಕನ್ನಡಕದವನು, ಮೊದಲ ಟೆಸ್ಟ್ ಆಡಿದ. ಅನಿಲ್ ಕುಂಬ್ಳೆ. ಒಂಬತ್ತು ವರ್ಷದ ನಂತರ ದೆಹಲಿಯಲ್ಲಿ ಒಂದು ಇನಿಂಗ್ಸ್‌ನ ಹತ್ತೂ ವಿಕೆಟ್ ತೆಗೆದು ಲೇಕರ್ ಪಕ್ಕ ಹೋಗಿ ನಿಂತ ಎರಡನೆಯವನೂ ಅವನೇ. ಆ ಪಾದಾರ್ಪಣೆಯ ಟೆಸ್ಟಿನಲ್ಲೇ ಸಚಿನ್‌ನ ಮೊದಲ ಟೆಸ್ಟ್ ಶತಕ. 2019ರ ಜುಲೈನ ವಿಶ್ವಕಪ್ ಸೆಮಿಫೈನಲ್ ಬಗ್ಗೆ ಕೇಳಬೇಡಿ. ಮಳೆಯಿಂದ ಎರಡು ದಿನ ನಡೆದ ಪಂದ್ಯ, ರೋಹಿತ್ ಒಂದು, ರಾಹುಲ್ ಒಂದು, ಕೊಹ್ಲಿ ಒಂದು.

ಮಕ್ಕಳಿಗೆ ಬೇಜಾರಾಗದೆ?

ವಿಶ್ವವಿದ್ಯಾಲಯದ ಮ್ಯಾಂಚೆಸ್ಟರ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ: ಡೈನೋಸಾರ್ ಅಸ್ಥಿಪಂಜರ, ಮಮ್ಮಿಗಳು, ಕಪ್ಪೆಗಳು. 2023ರಲ್ಲಿ ಶುರುವಾದ ದಕ್ಷಿಣ ಏಷ್ಯಾ ವಿಭಾಗ ದೊಡ್ಡವರಿಗೆ. ಫುಟ್‌ಬಾಲ್ ಹುಚ್ಚಿದ್ದರೆ ಕೆಥೀಡ್ರಲ್ ಬಳಿಯ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ, ಅದಕ್ಕೆ ಟಿಕೆಟ್ ಉಂಟು.

ಸಸ್ಯಾಹಾರಿಗಳ ಗತಿ?

ಬ್ರಿಟನ್ನಿನಲ್ಲಿ ಸಸ್ಯಾಹಾರ ಚಳವಳಿಯ ಬೇರು ಇರುವುದೇ ಇಲ್ಲಿ! ನದಿಯಾಚೆಯ ಸಾಲ್ಫರ್ಡ್‌ನಲ್ಲಿ 1809ರಲ್ಲಿ ಪಾದ್ರಿಯೊಬ್ಬರು ತಮ್ಮ ಚರ್ಚಿಗೆ ಬರುವವರು ಮಾಂಸ ಬಿಡಬೇಕೆಂದು ಬೋಧಿಸಿದರು. ಅವರ ಹೆಸರು ವಿಲಿಯಂ ಕೌಹರ್ಡ್; ಕೌಹರ್ಡ್ ಎಂದರೆ ದನಗಾಹಿ, ನಮ್ಮ ಭಾಷೆಯಲ್ಲಿ ಗೋಪಾಲ. ಇನ್ನೇನು ಬೇಕು.

ಹೋಟೆಲುಗಳಲ್ಲಿ ಸಸ್ಯಾಹಾರಕ್ಕೆ ಗುರುತು ಹಾಕಿರುತ್ತಾರೆ. ಚೀಸ್ ಮತ್ತು ಈರುಳ್ಳಿಯ ಪೈ, ಆಲೂಗಡ್ಡೆ ಹಾಕಿದ ಬಟರ್ ಪೈ ಈ ಸೀಮೆಯ ತಿನಿಸುಗಳು. ಖಾರಕ್ಕೆ ಕೈಚೀಲದಲ್ಲಿ ಚಟ್ನಿಪುಡಿ ಇರಲಿ. ಒಂದು ಎಚ್ಚರಿಕೆ: ಉತ್ತರ ಇಂಗ್ಲೆಂಡಿನ ಕೆಲವು ಅಂಗಡಿಗಳಲ್ಲಿ ಆಲೂ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿಯೇ ಕೊಳ್ಳಿ. ರಶೋಮ್‌ನ ‘ಕರಿ ಮೈಲ್’ ಎಂಬ ಬೀದಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಈಗ ಅಲ್ಲಿ ಕರಿಗಿಂತ ಅರಬ್ ಕಬಾಬೇ ಹೆಚ್ಚು. ದೋಸೆ ಊರಲ್ಲಿ ಸಿಗುತ್ತದೆ. ದಾವಣಗೆರೆಯವರು ಹೋಲಿಕೆ ಮಾಡದೆ ತಿನ್ನುವುದು ಮನಶ್ಶಾಂತಿಗೆ ಒಳ್ಳೆಯದು.

ಊರಾಚೆ ಒಂದು ದಿನ ಕಳೆಯಲು?

ಮಗ್ಗುಲಲ್ಲೇ ಸಾಲ್ಫರ್ಡ್ ಕ್ವೇಸ್. ಲಿವರ್‌ಪೂಲಿನ ಬಂದರು ಸುಂಕ ತಪ್ಪಿಸಿಕೊಳ್ಳಲು ಮ್ಯಾಂಚೆಸ್ಟರ್‌ನವರು 58 ಕಿಲೋಮೀಟರ್ ಹಡಗು ಕಾಲುವೆ ಅಗೆದು 1894ರಲ್ಲಿ ಸಮುದ್ರವನ್ನೇ ಊರಿಗೆ ಕರೆತಂದರು. ಹಠ ಅಂದರೆ ಅದು. ಹಡಗುಕಟ್ಟೆ 1982ರಲ್ಲಿ ಮುಚ್ಚಿತು. ಈಗ ಬಿಬಿಸಿಯ ಕಚೇರಿಗಳು, ಲೌರಿ ಕಲಾಕೇಂದ್ರ, ಯುದ್ಧ ಮ್ಯೂಸಿಯಂ. ಸ್ವಲ್ಪ ದೂರದ ಬಾರ್ಟನ್‌ನಲ್ಲಿ ಹಳೆಯ ಬ್ರಿಜ್‌ವಾಟರ್ ಕಾಲುವೆ ಈ ಹಡಗು ಕಾಲುವೆಯನ್ನು ಸೇತುವೆಯ ಮೇಲೆ ದಾಟುತ್ತದೆ. ದೊಡ್ಡ ಹಡಗು ಬಂದರೆ ಆ ಸೇತುವೆ ನೀರು ತುಂಬಿದ ತೊಟ್ಟಿಯ ಸಮೇತ ಪಕ್ಕಕ್ಕೆ ತಿರುಗುತ್ತದೆ. ಜಗತ್ತಿನಲ್ಲಿ ಇಂಥದ್ದು ಇನ್ನೊಂದಿಲ್ಲ.

ರೈಲು ಪ್ರಿಯರು ನ್ಯೂಟನ್-ಲೆ-ವಿಲೋಸ್ ಮೂಲಕ ಲಿವರ್‌ಪೂಲಿಗೆ ಹೋಗುವ ಗಾಡಿ ಹತ್ತಿ. 1830ರ ಮೂಲ ಹಳಿಯ ದಾರಿ ಅದೇ. ಚಾಟ್ ಮಾಸ್ ಎಂಬ ಕೆಸರು ಬಯಲಿನಲ್ಲಿ ಏನು ಸುರಿದರೂ ಮುಳುಗುತ್ತಿತ್ತು; ಜಾರ್ಜ್ ಸ್ಟೀಫನ್‌ಸನ್ ಸೌದೆ, ಕುರುಚಲು ಗಿಡಗಳ ಕಟ್ಟು ಹಾಸಿ ಅದರ ಮೇಲೆ ಹಳಿಯನ್ನು ತೇಲಿಸಿದ. ಉದ್ಘಾಟನೆಯ ದಿನವೇ ಸಂಸದ ವಿಲಿಯಂ ಹಸ್ಕಿಸನ್ ಹಳಿಗಿಳಿದು ‘ರಾಕೆಟ್’ ಇಂಜಿನ್ನಿಗೆ ಸಿಕ್ಕಿ ಸತ್ತ. ನ್ಯೂಟನ್ ದಾಟುವಾಗ ಹಳಿಯ ಪಕ್ಕದ ಸ್ಮಾರಕ ಒಂದು ಕ್ಷಣ ಕಂಡು ಮಾಯವಾಗುತ್ತದೆ.

ನಡೆಯುವವರಿಗೆ ಬೆಟ್ಟದ ಬುಡದ ಈಡೇಲ್ ಹಳ್ಳಿ, ಪಿಕಡಿಲಿಯಿಂದ ರೈಲಿನಲ್ಲಿ ಮುಕ್ಕಾಲು ತಾಸು. ಕಿಂಡರ್ ಸ್ಕೌಟ್ ಬೆಟ್ಟಕ್ಕೆ 1932ರಲ್ಲಿ ಇಲ್ಲಿನ ಕೂಲಿ ಹುಡುಗರು ಜಮೀನುದಾರರ ಕಾವಲು ಮುರಿದು ಗುಂಪಾಗಿ ನುಗ್ಗಿದರು, ಕೆಲವರು ಜೈಲಿಗೂ ಹೋದರು. ಈಗ ನಾವೆಲ್ಲ ಆರಾಮವಾಗಿ ಹತ್ತುತ್ತೇವೆ.

ರಾತ್ರಿ ಓಡಾಡುವುದಕ್ಕೆ ಭಯವೆ?

ದೊಡ್ಡ ಊರಿನ ಎಚ್ಚರ ಸಾಕು. ಪಿಕಡಿಲಿ ಗಾರ್ಡನ್ಸ್‌ನಲ್ಲಿ ಕತ್ತಲಾದಮೇಲೆ ಸುಮ್ಮನೆ ಕೂರಬೇಡಿ, ಕಾಲುವೆ ದಂಡೆಯಲ್ಲಿ ರಾತ್ರಿ ಒಬ್ಬರೇ ನಡೆಯಬೇಡಿ. ಪಂದ್ಯದ ದಿನ ಹೋಟೆಲ್ ಬಾಡಿಗೆ ಏರುತ್ತದೆ, ಟ್ರಾಮಿನಲ್ಲಿ ಕಾಲಿಡಲು ಜಾಗವಿರದು. ಟೌನ್ ಹಾಲ್ 2018ರಲ್ಲಿ ದುರಸ್ತಿಗೆಂದು ಮುಚ್ಚಿತು, ತೆರೆದಿದೆಯೇ ಎಂದು ನೋಡಿಕೊಂಡೇ ಅತ್ತ ಹೋಗಿ.

ಎಲ್ಲ ಕಡೆ ಜೇನುನೊಣದ ಚಿತ್ರ ಏಕೆ?

1842ರಲ್ಲಿ ಊರಿಗೆ ಲಾಂಛನ ಬಂದಾಗ ಭೂಗೋಳದ ಮೇಲೆ ಹರಡಿದ ಜೇನುನೊಣಗಳನ್ನು ಬರೆಸಿದರು: ಗಿರಣಿಯೆಂಬ ಗೂಡು, ಅದರಲ್ಲಿ ದುಡಿಯುವ ನೊಣ. 2017ರ ಮೇ 22ರಂದು ಸಂಗೀತ ಕಾರ್ಯಕ್ರಮದ ಬಾಗಿಲಲ್ಲಿ ಬಾಂಬು ಸಿಡಿದು 22 ಜನ ಸತ್ತಮೇಲೆ ಸಾವಿರಾರು ಜನ ಇದೇ ನೊಣವನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡರು.

“ಮ್ಯಾಂಚೆಸ್ಟರ್ ಬಟ್ಟೆ ಒಂದು ಶರ್ಟ್ ಪೀಸ್ ತಗೊಂಡು ಬಾರಪ್ಪಾ” ಅಂತಾರೆ. ಎಲ್ಲಿ ಸಿಗುತ್ತದೆ?

ದೊಡ್ಡಪ್ಪನಿಗೋಸ್ಕರ ನಾನೂ ಹುಡುಕಿದ್ದೇನೆ. ಅಂಗಡಿ ಅಂಗಡಿ ತಿರುಗಿ ಕಾಲರಿನ ಚೀಟಿ ಮಗುಚಿ ನೋಡಿದೆ: ಬಾಂಗ್ಲಾದೇಶ, ಟರ್ಕಿ, ಇಂಡಿಯಾ. ಕೊನೆಗೆ ಜೇನುನೊಣದ ಚಿತ್ರವಿದ್ದ ಚಹಾದ ಕಪ್ಪು ಕೊಂಡು ಕೊಟ್ಟೆ. ದೊಡ್ಡಪ್ಪ ಅದರಲ್ಲಿ ಶೇವಿಂಗ್ ಬ್ರಷ್ ಇಟ್ಟುಕೊಂಡಿದ್ದಾರೆ.